ಎಫ್‌ಪಿಯು ಇಲ್ಲದ ಮಿಪ್ಸ್‌ನಲ್ಲಿ ಫ್ಲೋಟ್ ಹೋಲಿಕೆ: ಕರ್ನಲ್ ಎಮ್ಯುಲೇಟರ್ ತಪ್ಪು ಉತ್ತರ ಕೊಡ್ತಿದೆ

#1 ಮಿಪ್ಸ್‌ಮರಿ
ಗೊತ್ತಿರುವವರು ಸ್ವಲ್ಪ ನೋಡಿ. ಎಫ್‌ಪಿಯು (ಫ್ಲೋಟ್, ಅಂದರೆ ದಶಮಾಂಶ ಸಂಖ್ಯೆಗಳ ಲೆಕ್ಕ ಮಾಡುವ ಹಾರ್ಡ್‌ವೇರ್) ಇಲ್ಲದ ಮಿಪ್ಸ್ 24ಕೆಸಿ ಪ್ರೊಸೆಸರ್ ಕೋರ್, ಅದರ ಮೇಲೆ ಸಣ್ಣದೊಂದು ಕರ್ನಲ್. ಯೂಸರ್ ಬೈನರಿಗಳು ಹಾರ್ಡ್ ಫ್ಲೋಟ್‌ನವು (ಎಫ್‌ಪಿಯು ಇದೆ ಎಂದುಕೊಂಡು ಕಂಪೈಲ್ ಆದವು), ಸೋರ್ಸ್ ಕೈಯಲ್ಲಿಲ್ಲ. ಆದ್ದರಿಂದ ಪ್ರತಿ ಫ್ಲೋಟ್ ಇನ್‌ಸ್ಟ್ರಕ್ಷನ್‌ಗೂ ಕೋಪ್ರೊಸೆಸರ್ ಅನ್‌ಯೂಸಬಲ್ ಟ್ರ್ಯಾಪ್ (ಎಕ್ಸ್‌ಕೋಡ್ 11) ಬಂದು, ಅದೇ ಕೆಲಸವನ್ನು ಸಾಫ್ಟ್‌ವೇರ್‌ನಲ್ಲಿ ಮಾಡುವ ಎಮ್ಯುಲೇಟರ್‌ಗೆ ಹೋಗುತ್ತದೆ.

ಕೂಡು, ಕಳೆ, ಗುಣಿಸು, ಭಾಗಿಸು ಎಲ್ಲ ಸರಿ. ಸಿ.ಇಕ್ಯು.ಡಿ (ಸಮವೇ?), ಸಿ.ಎಲ್‌ಟಿ.ಡಿ (ಚಿಕ್ಕದೇ?) ಥರದ ಹೋಲಿಕೆಗಳದ್ದೇ ತಲೆನೋವು. ಈಗಿರುವ ವಿಧಾನ: ಮೊದಲನೆಯದರಿಂದ ಎರಡನೆಯದನ್ನು ಕಳೆದು, ಉತ್ತರ ಸೊನ್ನೆಯೋ ಮೈನಸ್ಸೋ ಅಂತ ನೋಡುವುದು. ಇನ್ಫಿನಿಟಿಯನ್ನು ಇನ್ಫಿನಿಟಿಗೆ ಹೋಲಿಸಿದರೆ ಸಮ ಅಂತ ಬರುವುದಿಲ್ಲ. ಕೆಲವೊಮ್ಮೆ ಒಂದು ಸಂಖ್ಯೆ ತನಗಿಂತ ತಾನೇ ಚಿಕ್ಕದು ಅಂತ ಬರುತ್ತದೆ. ಇನ್ನೊಂದು ವಿಚಿತ್ರ: ಕೆಲವು ಹೋಲಿಕೆಗಳಾದ ಮೇಲೆ ಸಂಬಂಧವೇ ಇಲ್ಲದ ಜಾಗದಲ್ಲಿ ತೀರಾ ಸಣ್ಣ ಸಂಖ್ಯೆಗಳು ಸೊನ್ನೆಯಾಗಿಬಿಡುತ್ತವೆ. ಎಲ್ಲಿಂದ ಶುರುಮಾಡಲಿ?

#2 ಬಿಟ್‌ಬಸವ
ಕಳದು ನೋಡೂದು ಮೊದಲ ಬಿಡ್ರಿ. ಇನ್ಫಿನಿಟಿಯೊಳಗ ಇನ್ಫಿನಿಟಿ ಕಳದ್ರ ನ್ಯಾನ್ (ಸಂಖ್ಯೆನ ಅಲ್ಲ ಅನ್ನೂ ಗುರುತು) ಬರ್ತದ, ಮ್ಯಾಲೆ ಇನ್‌ವ್ಯಾಲಿಡ್ ಫ್ಲ್ಯಾಗೂ ಏಳ್ತದ. ಸಮ ಇದ್ದದ್ದು ಅನ್‌ಆರ್ಡರ್ಡ್ (ಹೋಲಿಸಾಕ ಬರದ್ದು) ಆತು.

"ತನಗಿಂತ ತಾನೇ ಚಿಕ್ಕದು" ಅಂದ್ರಲ್ಲ, ಅದು ರೌಂಡಿಂಗ್ ಮೋಡ್ ಆಟ. ಎಫ್‌ಸಿಎಸ್‌ಆರ್‌ದಾಗ (ಫ್ಲೋಟ್‌ದ ಕಂಟ್ರೋಲ್-ಸ್ಟೇಟಸ್ ರಿಜಿಸ್ಟರ್) ಕೆಳಗಿನ 2 ಬಿಟ್ 3 ಇದ್ರ ಮೈನಸ್ ಇನ್ಫಿನಿಟಿ ಕಡೆ ರೌಂಡಿಂಗ್. ಆ ಮೋಡ್‌ನಾಗ 5ರಾಗ 5 ಕಳದ್ರ ಉತ್ತರ -0. ನೀವು ಸೊನ್ನೆ ಅದನೋ ಇಲ್ಲೋ ನೋಡೂಕಿಂತ ಮೊದಲ ಸೈನ್ ಬಿಟ್ ನೋಡ್ತಿದ್ರ 5 < 5 ನಿಜ ಅಂತದ.

#3 ರಿಜಿಸ್ಟರ್‌ರಾಣಿ
ಬಸವ ಅವರು ಹೇಳಿದ್ದಕ್ಕೆ ಸೇರಿಸುವುದು: ಉತ್ತರ ಸರಿ ಬಂದರೂ ಫ್ಲ್ಯಾಗ್ ಕೆಡುತ್ತದೆ. 1ರಿಂದ 2ರ ಘಾತ -60ನ್ನು ಕಳೆದರೆ ಇನ್‌ಎಕ್ಸಾಕ್ಟ್ (ಉತ್ತರ ರೌಂಡ್ ಆಯಿತು), ಅತಿ ದೊಡ್ಡ ಧನ ಸಂಖ್ಯೆಯಿಂದ ಅತಿ ದೊಡ್ಡ ಋಣ ಸಂಖ್ಯೆ ಕಳೆದರೆ ಓವರ್‌ಫ್ಲೋ. ಮಿಪ್ಸ್‌ನಲ್ಲಿ ಹೋಲಿಕೆ ಎಬ್ಬಿಸಬೇಕಾದದ್ದು ಇನ್‌ವ್ಯಾಲಿಡ್ ಒಂದೇ. ಮೇಲಾಗಿ ಫ್ಲಶ್-ಟು-ಜೀರೋ (ಸಬ್‌ನಾರ್ಮಲ್, ಅಂದರೆ ನಾರ್ಮಲ್ ವ್ಯಾಪ್ತಿಗಿಂತ ಸಣ್ಣ ಸಂಖ್ಯೆಗಳನ್ನು, ಸೊನ್ನೆ ಮಾಡುವ ಮೋಡ್) ಆನ್ ಇದ್ದರೆ, ಹತ್ತಿರ ಹತ್ತಿರದ ಎರಡು ಸಣ್ಣ ನಾರ್ಮಲ್ ಸಂಖ್ಯೆಗಳ ವ್ಯತ್ಯಾಸ ಸಬ್‌ನಾರ್ಮಲ್ ಆಗಿ, ಅದು ಸೊನ್ನೆಯಾಗಿ, ಬೇರೆ ಬೇರೆ ಸಂಖ್ಯೆಗಳು ಸಮ ಎನಿಸಿಕೊಳ್ಳುತ್ತವೆ.

#4 ಆರ್ಮ್‌ಚೇರ್
ಇಷ್ಟೆಲ್ಲ ಯಾಕೆ ಗುರು. ಐಇಇಇ 754 (ಫ್ಲೋಟ್ ಸಂಖ್ಯೆಗಳ ಮಾನದಂಡ) ಬಿಟ್ ವಿನ್ಯಾಸ ಮಾಡಿರುವುದೇ ಇಂಟಿಜರ್ ಥರ ಹೋಲಿಸಲಿ ಅಂತ. 64 ಬಿಟ್‌ಗಳನ್ನು ಸೈನ್ಡ್ ಇಂಟಿಜರ್ ಅಂದುಕೊಂಡು ಹೋಲಿಸು, ಎರಡೂ ಋಣವಾದರೆ ಉತ್ತರ ತಿರುಗಿಸು. ಮುಗೀತು.

#5 ಕುಡ್ಲಬಿಟ್
ಮುಗಿಯಲಿಲ್ಲ ಮಾರಾಯ್ರೆ. ನಿಮ್ಮ ಲೆಕ್ಕದಲ್ಲಿ -0 ಮತ್ತು +0 ಎಲ್ಲಿ ಹೋಯಿತು? +0 ಅಂದರೆ ಎಲ್ಲ ಬಿಟ್ 0. -0 ಅಂದರೆ ಹೆಕ್ಸ್‌ನಲ್ಲಿ 8, ಅದರ ಮುಂದೆ 15 ಸೊನ್ನೆ. ಸೈನ್ಡ್ ಇಂಟಿಜರ್ ಆಗಿ ನೋಡಿದರೆ ಅದು ಇರುವುದರಲ್ಲೇ ಅತಿ ಚಿಕ್ಕ ಸಂಖ್ಯೆ. -0 < +0 ನಿಜ ಅಂತ ಬರ್ತದೆ, ಬರಬೇಕಾದ್ದು "ಸಮ". ನ್ಯಾನ್ ಬಗ್ಗೆ ಅಂತೂ ನೀವು ಮಾತೇ ಎತ್ತಲಿಲ್ಲ.

#6 ಆರ್ಮ್‌ಚೇರ್
ಸೊನ್ನೆಗೆ ಒಂದು ಇಫ್ ಹಾಕಿದರಾಯ್ತು. ಲಿನಕ್ಸ್‌ನ ಆರ್ಮ್ ವಿಎಫ್‌ಪಿ (ಆರ್ಮ್‌ನ ಫ್ಲೋಟ್ ಯೂನಿಟ್) ಸಪೋರ್ಟ್ ಕೋಡ್ ಮಾಡುವುದೂ ಅದನ್ನೇ: ಎರಡೂ ಪ್ಯಾಟರ್ನ್ ಒಂದೇ ಇದ್ದರೆ, ಅಥವಾ ಎರಡನ್ನೂ ಆರ್ ಮಾಡಿ ಸೈನ್ ಬಿಟ್ ತೆಗೆದಾಗ ಸೊನ್ನೆ ಬಂದರೆ ಸಮ. ಸೈನ್ ಬೇರೆ ಬೇರೆ ಇದ್ದರೆ ಮೈನಸ್ ಇರುವುದು ಚಿಕ್ಕದು. ಒಂದೇ ಇದ್ದರೆ ಇಂಟಿಜರ್ ಹೋಲಿಕೆ, ಮೈನಸ್ ಆದರೆ ತಿರುಗಿಸು. ನ್ಯಾನ್ ಪರೀಕ್ಷೆ ಇದಕ್ಕೆಲ್ಲ ಮೊದಲೇ ಆಗಿರುತ್ತದೆ.

#7 ರಿಜಿಸ್ಟರ್‌ರಾಣಿ
ಅದು ಸರಿಯಾದ ಕೋಡ್. ಆದರೆ ಮಿಪ್ಸ್ ಮಾಥ್-ಎಮು (ಲಿನಕ್ಸ್‌ನ ಫ್ಲೋಟ್ ಎಮ್ಯುಲೇಟರ್) ಅದಕ್ಕಿಂತ ಚೊಕ್ಕ. ಅಲ್ಲಿ ಪ್ಯಾಟರ್ನ್ ಋಣವಾಗಿದ್ದರೆ ಅದನ್ನು ನೆಗೇಟ್ ಮಾಡಿ ಸೈನ್ ಬಿಟ್ ಜೊತೆ ಎಕ್ಸ್‌ಆರ್ ಮಾಡುತ್ತಾರೆ. ಅಂದರೆ ಸೈನ್-ಮ್ಯಾಗ್ನಿಟ್ಯೂಡ್ ಸಂಖ್ಯೆ ಎರಡರ ಪೂರಕಕ್ಕೆ ಬದಲಾಯಿತು. -0 ನೆಗೇಟ್ ಮಾಡಿದರೂ ಅದೇ ಪ್ಯಾಟರ್ನ್, ಎಕ್ಸ್‌ಆರ್ ಮಾಡಿದರೆ 0. ಹೀಗೆ ಎರಡೂ ಸೊನ್ನೆ ತಾವಾಗಿಯೇ ಒಂದಾಗುತ್ತವೆ, ಪ್ರತ್ಯೇಕ ಇಫ್ ಬೇಡ. ಆಮೇಲೆ ಮಾಮೂಲಿ ಸೈನ್ಡ್ ಹೋಲಿಕೆ ಸಾಕು. ಇನ್ಫಿನಿಟಿ, ಸಬ್‌ನಾರ್ಮಲ್ ಎಲ್ಲ ತಮ್ಮ ಜಾಗದಲ್ಲೇ ಕೂರುತ್ತವೆ.

#8 ಬಿಟ್‌ಬಸವ
ಆ ಕೋಡ್ ಹಂಗ ಎತ್ತಿ ತಂದು ಬ್ಯಾರೆ ಕಡೆ ಅಂಟಿಸಬ್ಯಾಡ್ರಿ. 64 ಬಿಟ್ ಸೈನ್ಡ್‌ದಾಗ -0ದ ಪ್ಯಾಟರ್ನ್ ನೆಗೇಟ್ ಮಾಡೂದು ಅಂದ್ರ ಸಿ ಭಾಷಾದಾಗ ಸೈನ್ಡ್ ಓವರ್‌ಫ್ಲೋ, ಅನ್‌ಡಿಫೈನ್ಡ್ ಬಿಹೇವಿಯರ್. ಲಿನಕ್ಸ್ ಕರ್ನಲ್ ಸ್ಟ್ರಿಕ್ಟ್-ಓವರ್‌ಫ್ಲೋ ಆಫ್ ಮಾಡಿ ಕಂಪೈಲ್ ಆಗ್ತದ, ಅದಕ್ಕ ಅಲ್ಲಿ ನಡೀತದ. ನಿಮ್ಮ ಮೇಕ್‌ಫೈಲ್‌ದಾಗ ಆ ಆಪ್ಶನ್ ಇಲ್ಲಂದ್ರ ಕಂಪೈಲರ್ ಆ -0 ದಾರೀನ ತಗದು ಒಗೀಬಹುದು.

ಸುರಕ್ಷಿತ ರೀತಿ ಹೀಂಗ ಅದ: ಸೈನ್ ಬಿಟ್ ತಗದು ಉಳಿದ 63 ಬಿಟ್ ಇಟ್ಕೊಳ್ರಿ. ಸೈನ್ 1 ಇದ್ರ 0ದಾಗ ಅದನ್ನ ಕಳೀರಿ. 63 ಬಿಟ್ ಸಂಖ್ಯಾ ನೆಗೇಟ್ ಮಾಡಿದ್ರ ಓವರ್‌ಫ್ಲೋ ಆಗೂದ ಇಲ್ಲ. ಉತ್ತರ ಮಾತ್ರ ಮೊದಲಿನದ.

#9 ಆರ್ಮ್‌ಚೇರ್
ಎರಡಕ್ಕೂ ಹುಟ್ಟುವ ಅಸೆಂಬ್ಲಿ ಹೆಚ್ಚುಕಡಿಮೆ ಒಂದೇ. ಸುಮ್ನೆ ಕೂದಲು ಸೀಳೋದು.

#10 ಬಿಟ್‌ಬಸವ
ಇವತ್ತಿನ ಕಂಪೈಲರ್‌ದಾಗ ಒಂದ. ನಾಳಿನದರಾಗ?

#11 ಸಾಫ್ಟ್‌ಫ್ಲೋಟ್‌ಸಿದ್ದ
ಮಿಪ್ಸ್‌ಮರಿ, ನ್ಯಾನ್ ಪರೀಕ್ಷೆ ಹೇಗೆ ಮಾಡುತ್ತಿದ್ದೀರಿ? 32 ಬಿಟ್ ಕೋರ್ ಆದ್ದರಿಂದ ಡಬಲ್ (64 ಬಿಟ್ ಫ್ಲೋಟ್) ಎರಡು ವರ್ಡ್‌ಗಳಲ್ಲಿ ಇರುತ್ತದೆ. ಮೇಲಿನ ವರ್ಡ್‌ನ ಸೈನ್ ತೆಗೆದು 2146435072ಕ್ಕಿಂತ (ಅಂದರೆ 2047ನ್ನು 20 ಬಿಟ್ ಎಡಕ್ಕೆ ಸರಿಸಿದ್ದು) ದೊಡ್ಡದಿದೆಯಾ ಅಂತಷ್ಟೇ ನೋಡಿದರೆ ಸಾಲದು. ಮೇಲಿನ ವರ್ಡ್ ಸರಿಯಾಗಿ ಅಷ್ಟೇ ಇದ್ದು ಕೆಳಗಿನ ವರ್ಡ್ ಸೊನ್ನೆ ಅಲ್ಲದಿದ್ದರೂ ಅದು ನ್ಯಾನೇ. ಈ ಎರಡನೇ ಭಾಗ ಬಿಟ್ಟರೆ ಅಂಥ ನ್ಯಾನ್‌ಗಳು ಇನ್ಫಿನಿಟಿಯ ವೇಷ ಹಾಕಿಕೊಂಡು ಒಳಗೆ ಬರುತ್ತವೆ.

ವರ್ಡ್‌ಗಳನ್ನು ನೀವೇ ಬಿಡಿಬಿಡಿಯಾಗಿ ಹೋಲಿಸುತ್ತಿದ್ದರೆ ಮೇಲಿನದು ಸೈನ್ಡ್, ಕೆಳಗಿನದು ಅನ್‌ಸೈನ್ಡ್. ಎರಡನ್ನೂ ಸೈನ್ಡ್ ಮಾಡಿದರೆ, ಕೆಳಗಿನ ವರ್ಡ್‌ನ ಮೇಲ್ತುದಿ ಬಿಟ್ 1 ಇರುವಾಗ ಮಾತ್ರ ತಪ್ಪು ಬರುತ್ತದೆ. 1, 2, 0.5 ಥರದ ಸಂಖ್ಯೆ ಕೊಟ್ಟು ಪರೀಕ್ಷಿಸಿದರೆ ಇದು ಸಿಕ್ಕುವುದೇ ಇಲ್ಲ, ಅವುಗಳ ಕೆಳಗಿನ ವರ್ಡ್ ಸೊನ್ನೆ. 0.1 ಕೊಡಿ.

#12 ಮಿಪ್ಸ್‌ಮರಿ
64 ಬಿಟ್ ಟೈಪ್ ಬಳಸುತ್ತಿದ್ದೇನೆ, ಕಂಪೈಲರ್ ನೋಡಿಕೊಳ್ಳುತ್ತದೆ. ನ್ಯಾನ್‌ಗೆ 63 ಬಿಟ್‌ನ ಬೆಲೆ ಇನ್ಫಿನಿಟಿ ಪ್ಯಾಟರ್ನ್‌ಗಿಂತ ದೊಡ್ಡದಾ ಅಂತ ನೋಡಿದರೆ ಸಾಕಲ್ಲವೇ?

#13 ಸಾಫ್ಟ್‌ಫ್ಲೋಟ್‌ಸಿದ್ದ
ಸಾಕು. ಆದರೆ ರಿಜಿಸ್ಟರ್‌ನಿಂದ ಆ 64 ಬಿಟ್ ಜೋಡಿಸುವ ಜಾಗ ನೋಡಿಕೊಳ್ಳಿ. ಎಫ್‌ಆರ್=0 ಮೋಡ್‌ನಲ್ಲಿ (ಫ್ಲೋಟ್ ರಿಜಿಸ್ಟರ್ ಒಂದೊಂದೂ 32 ಬಿಟ್) ಡಬಲ್ ಅಂದರೆ ಸಮ-ಬೆಸ ರಿಜಿಸ್ಟರ್ ಜೋಡಿ. ಕೆಳಗಿನ 32 ಬಿಟ್ ಯಾವಾಗಲೂ ಸಮ ಸಂಖ್ಯೆಯ ರಿಜಿಸ್ಟರ್‌ನಲ್ಲಿ, ಬಿಗ್ ಎಂಡಿಯನ್ ಆದರೂ ಅಷ್ಟೇ. ಮೆಮೊರಿಯ ಕ್ರಮ ನೋಡಿ ಇಲ್ಲಿ ತಿರುಗಿಸಬಾರದು.

#14 ಹೊಸಬ_ನಾನು
ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. 0.1 + 0.2 == 0.3 ಸುಳ್ಳು ಬರುತ್ತಲ್ಲ, ಎಮ್ಯುಲೇಟರ್‌ನಲ್ಲೇ ಸಣ್ಣ ಎಪ್ಸಿಲಾನ್ (ಇಷ್ಟು ವ್ಯತ್ಯಾಸ ಇದ್ದರೂ ಸಮ ಅನ್ನುವ ಮಿತಿ) ಇಟ್ಟು ಹೋಲಿಸಿದರೆ ಎಲ್ಲರಿಗೂ ಅನುಕೂಲ ಆಗಲ್ವಾ?

#15 ಕುಡ್ಲಬಿಟ್
ಬೇಡವೇ ಬೇಡ.

#16 ರಿಜಿಸ್ಟರ್‌ರಾಣಿ
ಎಮ್ಯುಲೇಟರ್ ಕೆಲಸ ಹಾರ್ಡ್‌ವೇರ್ ಏನು ಹೇಳುತ್ತಿತ್ತೋ ಅದನ್ನೇ ಬಿಟ್ ಬಿಟ್ ಹೇಳುವುದು. 0.1 + 0.2ರ ಡಬಲ್ ಮೊತ್ತವೂ 0.3ರ ಡಬಲ್ಲೂ ಅಕ್ಕಪಕ್ಕದ ಎರಡು ಬೇರೆ ಸಂಖ್ಯೆಗಳು, ಕೊನೆಯ ಬಿಟ್‌ನಲ್ಲಿ 1 ವ್ಯತ್ಯಾಸ. "ಸಮ ಅಲ್ಲ" ಅನ್ನುವುದೇ ಸರಿಯುತ್ತರ. ಎಪ್ಸಿಲಾನ್ ಹಾಕಿದರೆ ಎ ಮತ್ತು ಬಿ ಸಮ, ಬಿ ಮತ್ತು ಸಿ ಸಮ, ಎ ಮತ್ತು ಸಿ ಮಾತ್ರ ಸಮ ಅಲ್ಲ ಅನ್ನುವ ಸ್ಥಿತಿ. ಸಾರ್ಟಿಂಗ್ ಕೆಡುತ್ತದೆ, ಲೂಪ್ ನಿಲ್ಲುವುದಿಲ್ಲ. ಎಪ್ಸಿಲಾನ್ ಬೇಕೋ ಬೇಡವೋ ಅನ್ನುವುದು ಅಪ್ಲಿಕೇಶನ್ ಬರೆಯುವವರ ತೀರ್ಮಾನ, ಕರ್ನಲ್‌ದಲ್ಲ.

#17 ಸಾಫ್ಟ್‌ಫ್ಲೋಟ್‌ಸಿದ್ದ
ಈಗ ಕಂಡಿಶನ್‌ಗಳಿಗೆ ಬರೋಣ. ಸಿ.ಕಂಡ್ (ಸಿ.ಇಕ್ಯು, ಸಿ.ಎಲ್‌ಟಿ ಥರದ ಎಲ್ಲ ಹೋಲಿಕೆಗಳು) ಇನ್‌ಸ್ಟ್ರಕ್ಷನ್‌ನ ಕೊನೆಯ 6 ಬಿಟ್ 48ರಿಂದ 63. ಅದರಿಂದ 48 ಕಳೆದರೆ 0ಯಿಂದ 15ರ ಕಂಡಿಶನ್ ಸಂಖ್ಯೆ. 16 ಕೇಸ್‌ನ ಸ್ವಿಚ್ ಬರೆಯಬೇಡಿ, ಬಿಟ್‌ಗಳೇ ಉತ್ತರ ಹೇಳುತ್ತವೆ: ಬಿಟ್ 0 ಇದ್ದರೆ ಅನ್‌ಆರ್ಡರ್ಡ್‌ಗೆ ನಿಜ, ಬಿಟ್ 1 ಇದ್ದರೆ ಸಮಕ್ಕೆ ನಿಜ, ಬಿಟ್ 2 ಇದ್ದರೆ ಚಿಕ್ಕದಕ್ಕೆ ನಿಜ. ದೊಡ್ಡದಕ್ಕೆ ಬಿಟ್ ಇಲ್ಲವೇ ಇಲ್ಲ. ಎ > ಬಿ ಬೇಕಾದಾಗ ಕಂಪೈಲರ್ ಆಪರೆಂಡ್ ಅದಲುಬದಲು ಮಾಡಿ ಸಿ.ಎಲ್‌ಟಿ ಹಾಕುತ್ತದೆ.

ಬಿಟ್ 3 ಫಲಿತಾಂಶಕ್ಕೆ ಸಂಬಂಧಿಸಿದ್ದಲ್ಲ. ಅದು 1 ಇದ್ದರೆ ಯಾವ ನ್ಯಾನ್ ಬಂದರೂ ಇನ್‌ವ್ಯಾಲಿಡ್, 0 ಇದ್ದರೆ ಸಿಗ್ನಲಿಂಗ್ ನ್ಯಾನ್‌ಗೆ (ಬಳಸಿದೊಡನೆ ಇನ್‌ವ್ಯಾಲಿಡ್ ಎಬ್ಬಿಸುವ ಜಾತಿ; ಸುಮ್ಮನಿರುವುದು ಕ್ವಯಟ್) ಮಾತ್ರ. ಸಿ.ಇಕ್ಯು = 2, ಸಿ.ಒಎಲ್‌ಟಿ = 4, ಸಿ.ಎಲ್‌ಟಿ = 12, ಸಿ.ಎಲ್ಇ = 14. ಸಿಯಲ್ಲಿ < ಬರೆದರೆ 12 ಬರುತ್ತದೆ, == ಬರೆದರೆ 2. ನ್ಯಾನ್ ಜೊತೆ < ಮಾಡಿದರೆ ಇನ್‌ವ್ಯಾಲಿಡ್ ಏಳುವುದು, == ಮಾಡಿದರೆ ಏಳದಿರುವುದು ಅದಕ್ಕೇ.

#18 ಆರ್ಮ್‌ಚೇರ್
ಕಂಡಿಶನ್ 0 (ಸಿ.ಎಫ್) ಯಾವಾಗಲೂ ಸುಳ್ಳು. ಅದಕ್ಕೆ ನೇರ 0 ಬರೆದು ವಾಪಸ್ ಹೋಗಬಹುದು, ಸಮಯ ಉಳಿತಾಯ.

#19 ಕುಡ್ಲಬಿಟ್
ಹಾಗೆ ಮಾಡಿದರೆ ಫ್ಲ್ಯಾಗ್ ತಪ್ಪಿಹೋಗ್ತದೆ. ಸಿ.ಎಫ್‌ಗೂ ಸಿಗ್ನಲಿಂಗ್ ನ್ಯಾನ್ ಬಂದರೆ ಇನ್‌ವ್ಯಾಲಿಡ್ ಏಳಬೇಕು. ಸಿ.ಎಸ್‌ಎಫ್ (8) ಅಂತೂ ಇರುವುದೇ ಅದಕ್ಕೆ: ಉತ್ತರ ಯಾವತ್ತೂ ಸುಳ್ಳು, ಆದರೆ ಯಾವ ನ್ಯಾನ್ ಬಂದರೂ ಸದ್ದು ಮಾಡ್ತದೆ. ಉಳಿತಾಯ ಬೇರೆ ಕಡೆ ಹುಡುಕಿ.

#20 ರಿಜಿಸ್ಟರ್‌ರಾಣಿ
ಸಿಗ್ನಲಿಂಗ್ ಯಾವುದು, ಕ್ವಯಟ್ ಯಾವುದು ಅನ್ನುವುದರಲ್ಲೇ ಮಿಪ್ಸ್‌ನ ದೊಡ್ಡ ಗುಂಡಿ ಇದೆ. ಎಕ್ಸ್86, ಆರ್ಮ್‌ನಲ್ಲಿ ಮ್ಯಾಂಟಿಸಾದ ಮೇಲ್ತುದಿ ಬಿಟ್ 1 ಇದ್ದರೆ ಕ್ವಯಟ್. ಹಳೇ ಮಿಪ್ಸ್‌ನಲ್ಲಿ ಉಲ್ಟಾ, 1 ಇದ್ದರೆ ಸಿಗ್ನಲಿಂಗ್. ಪಿಎ-ರಿಸ್ಕ್ ಕೂಡ ಹಾಗೇ. 754ರ 2008ರ ಆವೃತ್ತಿ ಎಕ್ಸ್86 ರೀತಿಯನ್ನು ಶಿಫಾರಸು ಮಾಡಿದ ಮೇಲೆ ಮಿಪ್ಸ್ ಎಫ್‌ಸಿಎಸ್‌ಆರ್‌ನ 18ನೇ ಬಿಟ್‌ಗೆ ನ್ಯಾನ್2008 ಅಂತ ಹೆಸರಿಟ್ಟಿತು. ಇಎಲ್‌ಎಫ್ (ಬೈನರಿ ಫೈಲಿನ ಫಾರ್ಮ್ಯಾಟ್) ಹೆಡರ್‌ನಲ್ಲೂ ಬೈನರಿ ಯಾವ ಪಂಗಡದ್ದು ಅನ್ನುವ ಫ್ಲ್ಯಾಗ್ ಇರುತ್ತದೆ.

ಸಂಪೂರ್ಣ ಸಾಫ್ಟ್‌ವೇರ್ ಎಮ್ಯುಲೇಟರ್ ಆದರೆ ನಿಮಗೇ ಲಾಭ, ಪ್ರತಿ ಪ್ರೋಸೆಸ್‌ಗೆ ಬೇಕಾದ ರೀತಿ ಕೊಡಬಹುದು. ಲಿನಕ್ಸ್‌ನಲ್ಲಿ ಇದಕ್ಕೆ ಐಇಇಇ754 ಎಂಬ ಬೂಟ್ ಪ್ಯಾರಾಮೀಟರೇ ಇದೆ: ಸ್ಟ್ರಿಕ್ಟ್, ಲೆಗಸಿ, 2008, ರಿಲ್ಯಾಕ್ಸ್ಡ್.

ಎಕ್ಸ್86 ಪಿಸಿಯಲ್ಲಿ ತಯಾರಿಸಿದ ಟೆಸ್ಟ್ ಫೈಲ್ ತಂದು ಲೆಗಸಿ ಮಿಪ್ಸ್‌ಗೆ ಉಣಿಸಿದರೆ ಕ್ವಯಟ್‌ಗಳೆಲ್ಲ ಸಿಗ್ನಲಿಂಗ್ ಆಗುತ್ತವೆ. ಫಲಿತಾಂಶ ಸರಿ ಬರುತ್ತದೆ, ಫ್ಲ್ಯಾಗ್‌ಗಳೆಲ್ಲ ತಪ್ಪು ತೋರಿಸುತ್ತವೆ. ದೋಷ ಟೆಸ್ಟ್ ಫೈಲ್‌ನದು, ಕೋಡ್‌ನದಲ್ಲ.

#21 ಮಿಪ್ಸ್‌ಮರಿ
ಬೈನರಿಗಳು ಲೆಗಸಿ. ಈಗ ನಾಲ್ಕು ಸಂಬಂಧದ (ಚಿಕ್ಕದು, ಸಮ, ದೊಡ್ಡದು, ಅನ್‌ಆರ್ಡರ್ಡ್) ರೀತಿಯಲ್ಲೇ ಬರೆದಿದ್ದೇನೆ, ಇನ್ಫಿನಿಟಿ ಮತ್ತು -0 ಸರಿಯಾಗಿವೆ. ಆದರೆ ಸಣ್ಣ ಸಂಖ್ಯೆ ಸೊನ್ನೆಯಾಗುವ ಕಾಟ ಹೋಗಿಲ್ಲ. ಒಂದು ಸುಳಿವು: ಕಂಪೈಲರ್ ಸಿಸಿ0 (ಹೋಲಿಕೆಯ ಉತ್ತರ ಕೂರುವ ಕಂಡಿಶನ್ ಬಿಟ್‌ಗಳಲ್ಲಿ ಮೊದಲನೆಯದು) ಮಾತ್ರ ಬಳಸಿದ ಬೈನರಿಗಳಲ್ಲಿ ಇದು ಕಾಣುವುದಿಲ್ಲ.

#22 ಬಿಟ್‌ಬಸವ
ಸಿಸಿ ನಂಬರ್‌ನ 23ಕ್ಕ ಕೂಡಿಸಿ ಬಿಟ್ ಬರೀತೀರೇನು?

#23 ಮಿಪ್ಸ್‌ಮರಿ
ಹೌದು, 23 + ಸಿಸಿ.

#24 ಬಿಟ್‌ಬಸವ
ಅಲ್ಲೇ ಅದ ನೋಡ್ರಿ ಕಳ್ಳ. ಮೊದಲ ಮಿಪ್ಸ್‌ದಾಗ ಕಂಡಿಶನ್ ಬಿಟ್ ಒಂದ ಇತ್ತು, 23ನೇದು. 24ನೇದು ಎಫ್‌ಎಸ್, ಅಂದ್ರ ಫ್ಲಶ್-ಟು-ಜೀರೋ. ಮುಂದ ಮಿಪ್ಸ್ 4ದಾಗ ಇನ್ನ 7 ಕಂಡಿಶನ್ ಬಿಟ್ ಸೇರಿಸುವಾಗ ಎಫ್‌ಎಸ್ ದಾಟಿ ಕುಂತವು: ಸಿಸಿ1ರಿಂದ ಸಿಸಿ7 ಅಂದ್ರ 25ರಿಂದ 31. ನೀವು ಸಿಸಿ1ಕ್ಕ ನಿಜ ಬರದಾಗೊಮ್ಮೆ ಎಫ್‌ಎಸ್ ಆನ್ ಆಗ್ತದ, ಆಮ್ಯಾಲ ಸಬ್‌ನಾರ್ಮಲ್ ಎಲ್ಲಾ ಸೊನ್ನಿ. ಸುಳ್ಳು ಬರದ್ರ ಮತ್ತ ಆಫ್. ಅದಕ್ಕ ಒಮ್ಮೆ ಕಾಣತದ, ಒಮ್ಮೆ ಮಾಯ.

ಲಿನಕ್ಸ್‌ದಾಗ 8 ನಮೂನಿ ಟೇಬಲ್ ಇಟ್ಟಾರ ಇದಕ್ಕ. ಬಿಸಿ1ಟಿ, ಬಿಸಿ1ಎಫ್ (ಆ ಬಿಟ್ ನೋಡಿ ಹಾರೂ ಬ್ರ್ಯಾಂಚ್) ಓದೂ ಕಡೆ, ಮೂವ್‌ಎಫ್, ಮೂವ್‌ಟಿ (ಆ ಬಿಟ್ ನೋಡಿ ನಕಲು ಮಾಡೂವು) ಕಡೆನೂ ಅದ ಟೇಬಲ್ ಬಳಸ್ರಿ. ಬರೆಯೂದು ಒಂದ ಕಡೆ ಸರಿ ಮಾಡಿ ಓದೂದು ಹಳೇದ ಬಿಟ್ರ ಇನ್ನೂ ಮೋಜು.

#25 ಕುಡ್ಲಬಿಟ್
ಎಫ್‌ಎಸ್ ಮಾತು ಬಂತಲ್ಲ, ಅದು ನಿಜವಾಗಿ ಆನ್ ಇದ್ದಾಗ ಹೋಲಿಕೆ ಏನು ಮಾಡಬೇಕು ಅಂತಲೂ ತೀರ್ಮಾನ ಬೇಕು. ಲಿನಕ್ಸ್ ಎಮ್ಯುಲೇಟರ್ ಹೋಲಿಸುವ ಮೊದಲು ಸಬ್‌ನಾರ್ಮಲ್ ಆಪರೆಂಡನ್ನು ಅದೇ ಸೈನಿನ ಸೊನ್ನೆ ಮಾಡ್ತದೆ, ಆಗ ಇನ್‌ಎಕ್ಸಾಕ್ಟ್ ಏಳ್ತದೆ, ಮತ್ತೆ ಕೂಡಲೇ ಅದನ್ನು ಅಳಿಸ್ತದೆ. ಹೋಲಿಕೆಗೆ ಇನ್‌ಎಕ್ಸಾಕ್ಟ್ ಇರಬಾರದಲ್ಲ, ಹಾಗಾಗಿ.

#26 ಹೊಸಬ_ನಾನು
ಸಿಂಗಲ್‌ಗೆ (32 ಬಿಟ್ ಫ್ಲೋಟ್) ಬೇರೆ ಫಂಕ್ಷನ್ ಯಾಕೆ? ಡಬಲ್‌ಗೆ ಪರಿವರ್ತಿಸಿ ಅದರಲ್ಲೇ ಹೋಲಿಸಬಹುದಲ್ಲ? ಸಿಂಗಲ್ ಬೆಲೆಗಳೆಲ್ಲ ಡಬಲ್‌ನಲ್ಲಿ ಕರಾರುವಾಕ್ಕಾಗಿ ಕೂರುತ್ತವೆ.

#27 ಕುಡ್ಲಬಿಟ್
ಕೂರ್ತವೆ, ಸಮಸ್ಯೆಯೇ ಅದು. ಸಿಂಗಲ್‌ನಲ್ಲಿ ಸಬ್‌ನಾರ್ಮಲ್ ಆದದ್ದು ಡಬಲ್‌ನಲ್ಲಿ ನಾರ್ಮಲ್. ಎಫ್‌ಎಸ್ ಆನ್ ಇದ್ದಾಗ ಸೊನ್ನೆಯಾಗಬೇಕಾದ್ದು ಆಗುವುದಿಲ್ಲ. ಜೊತೆಗೆ ಪರಿವರ್ತನೆಯ ಕೋಡ್ ಸಿಗ್ನಲಿಂಗ್ ನ್ಯಾನನ್ನು ತಾನೇ ಕ್ವಯಟ್ ಮಾಡ್ತದೆ, ಆ ಇನ್‌ವ್ಯಾಲಿಡ್ ಕಾಸ್ ಬಿಟ್ (ಈ ಇನ್‌ಸ್ಟ್ರಕ್ಷನ್‌ನಲ್ಲಿ ಏನಾಯಿತು ಅಂತ ಹೇಳುವ ಬಿಟ್) ಹೋಲಿಕೆಯ ಶುರುವಿನಲ್ಲಿ ಅಳಿಸಿಹೋದರೆ ಗೋವಿಂದ. 32 ಬಿಟ್‌ನ ಹೋಲಿಕೆ ಹತ್ತು ಸಾಲು, ಬೇರೆಯೇ ಬರೆಯಿರಿ.

#28 ರಿಜಿಸ್ಟರ್‌ರಾಣಿ
ಎಫ್‌ಸಿಎಸ್‌ಆರ್ ಬರೆಯುವ ಕ್ರಮ ಹೀಗಿರಲಿ. ಮೊದಲು ಕಾಸ್ ಬಿಟ್‌ಗಳನ್ನು (12ರಿಂದ 17) ಅಳಿಸಿ. ಫ್ಲ್ಯಾಗ್‌ಗಳನ್ನು (2ರಿಂದ 6) ಮುಟ್ಟಬೇಡಿ, ಅವು ಅಂಟಿಕೊಂಡೇ ಇರಬೇಕು. ಇನ್‌ವ್ಯಾಲಿಡ್ ಎದ್ದರೆ ಕಾಸ್‌ನ 16ನೇ ಬಿಟ್ ಹಾಕಿ. ಎನೇಬಲ್‌ನ 11ನೇ ಬಿಟ್ 1 ಇದ್ದರೆ ಅಲ್ಲೇ ನಿಂತು ಎಸ್‌ಐಜಿಎಫ್‌ಪಿಇ (ಫ್ಲೋಟ್ ದೋಷದ ಸಿಗ್ನಲ್) ಕಳಿಸಿ, ಕೋಡ್ ಎಫ್‌ಪಿಇ_ಎಫ್‌ಎಲ್‌ಟಿಐಎನ್‌ವಿ. ಸಿಸಿ ಬಿಟ್ ಬದಲಿಸಬಾರದು, ಪಿಸಿ (ಪ್ರೋಗ್ರಾಂ ಕೌಂಟರ್) ಮುಂದೆ ಹೋಗಬಾರದು. ಎನೇಬಲ್ ಇಲ್ಲದಿದ್ದರೆ ಫ್ಲ್ಯಾಗ್‌ನ 6ನೇ ಬಿಟ್ ಹಾಕಿ, ಆಮೇಲೆ ಸಿಸಿ ಬರೆದು, ಪಿಸಿ ಮುಂದಕ್ಕೆ. ಸಿಸಿಯನ್ನು ಮೊದಲೇ ಬರೆದುಬಿಟ್ಟರೆ ಸಿಗ್ನಲ್ ಹ್ಯಾಂಡ್ಲರ್‌ಗೆ ಹೊಸ ಬಿಟ್ ಕಾಣುತ್ತದೆ.

#29 ಹಳೇ387
ನೀವೆಲ್ಲ ಪುಣ್ಯವಂತರು, ಬರೀ 64 ಬಿಟ್. ಲಿನಕ್ಸ್‌ನ ಎಕ್ಸ್86 ಮಾಥ್-ಎಮು ನೋಡಿ, 486ಎಸ್‌ಎಕ್ಸ್ ಥರದ ಎಫ್‌ಪಿಯು ಇಲ್ಲದ ಚಿಪ್‌ಗಳಿಗಾಗಿ ಬಿಲ್ ಮೆಟ್ಜೆಂಥೆನ್ ಬರೆದದ್ದು. ಸಿಆರ್0 ಕಂಟ್ರೋಲ್ ರಿಜಿಸ್ಟರ್‌ನ ಇಎಂ ಬಿಟ್ ಹಾಕಿದ್ದರೆ ಪ್ರತಿ ಎಫ್‌ಕಾಮ್‌ಗೂ (ಅಲ್ಲಿನ ಹೋಲಿಕೆ ಇನ್‌ಸ್ಟ್ರಕ್ಷನ್) ವೆಕ್ಟರ್ 7 ಟ್ರ್ಯಾಪ್. ಅಲ್ಲಿ ಪ್ರತಿ ರಿಜಿಸ್ಟರ್ 80 ಬಿಟ್, ಮ್ಯಾಂಟಿಸಾದ ಮುಂದಿನ 1 ಅಡಗಿಲ್ಲ, ಕಣ್ಣೆದುರೇ ಇರುತ್ತದೆ. ಅದಕ್ಕೆ ಸ್ಯೂಡೋ-ಡೀನಾರ್ಮಲ್ ಅನ್ನುವ ಪ್ರಾಣಿ ಹುಟ್ಟುತ್ತದೆ: ಎಕ್ಸ್‌ಪೊನೆಂಟ್ 0, ಆದರೆ ಆ ಬಿಟ್ 1. ಅದರ ಬೆಲೆ ಎಕ್ಸ್‌ಪೊನೆಂಟ್ 1 ಇರುವ ನಾರ್ಮಲ್‌ನಷ್ಟೇ. ಎರಡು ಪ್ಯಾಟರ್ನ್, ಒಂದೇ ಬೆಲೆ. ನಿಮ್ಮ ಇಂಟಿಜರ್ ಟ್ರಿಕ್ ಅಲ್ಲಿ ಸಮವಾದದ್ದನ್ನು ಚಿಕ್ಕದು ಅನ್ನುತ್ತದೆ. ಎಕ್ಸ್‌ಪೊನೆಂಟ್ ಇದ್ದು ಆ ಬಿಟ್ 0 ಇದ್ದರೆ ಅನ್‌ನಾರ್ಮಲ್, 387 ಫ್ಲೋಟ್ ಚಿಪ್‌ನಿಂದ ಮುಂದೆ ಅದು ಇನ್‌ವ್ಯಾಲಿಡ್.

ಉತ್ತರ ಕೊಡುವುದು ಸ್ಟೇಟಸ್ ವರ್ಡ್‌ನ ಸಿ3, ಸಿ2, ಸಿ0 ಬಿಟ್‌ಗಳಲ್ಲಿ: ದೊಡ್ಡದು 000, ಚಿಕ್ಕದು 001, ಸಮ 100, ಅನ್‌ಆರ್ಡರ್ಡ್ 111. ಬಿಟ್ ಜಾಗ 14, 10, 8, ಪಕ್ಕಪಕ್ಕ ಅಲ್ಲ. ಖಾಲಿ ರಿಜಿಸ್ಟರ್ ಹೋಲಿಸಿದರೆ ಸ್ಟ್ಯಾಕ್ ಅಂಡರ್‌ಫ್ಲೋ, ಅದಕ್ಕೂ 111. ಡೀನಾರ್ಮಲ್ (ಸಬ್‌ನಾರ್ಮಲ್‌ನ ಇನ್ನೊಂದು ಹೆಸರು) ಆಪರೆಂಡ್ ಬಂದರೆ ಅದಕ್ಕೇ ಬೇರೆ ಎಕ್ಸೆಪ್ಶನ್, ಮಿಪ್ಸ್‌ನಲ್ಲಿ ಇಲ್ಲದ್ದು.

#30 ಆರ್ಮ್‌ಚೇರ್
111ರಲ್ಲಿ ಸಿ3 ಕೂಡ 1. ಎಸ್‌ಎಎಚ್‌ಎಫ್ (ಈ ಬಿಟ್‌ಗಳನ್ನು ಸಿಪಿಯು ಫ್ಲ್ಯಾಗ್‌ಗೆ ಹಾಕುವುದು) ಮಾಡಿದ ಮೇಲೆ ಜೀರೋ ಫ್ಲ್ಯಾಗ್ 1. ಜೆಇ (ಸಮವಾದರೆ ಹಾರು) ಮಾತ್ರ ಹಾಕಿದರೆ ನ್ಯಾನ್ ಎಲ್ಲಕ್ಕೂ ಸಮ! ಪ್ಯಾರಿಟಿ ಫ್ಲ್ಯಾಗ್ ಮೊದಲು ನೋಡಬೇಕು. ಇದನ್ನು ಯಾರು ಹೀಗೆ ವಿನ್ಯಾಸ ಮಾಡಿದರೋ ಶಿವನೇ ಬಲ್ಲ.

#31 ಹಳೇ387
8087ಗೆ (387ರ ಹಿರಿಯಣ್ಣ) ಆಗ ಇದ್ದ ಫ್ಲ್ಯಾಗ್‌ಗಳಲ್ಲೇ ಜಾಗ ಹೊಂದಿಸಬೇಕಿತ್ತು ಸರ್. ಫ್ಲ್ಯಾಗ್‌ಗೆ ನೇರ ಬರೆಯುವ ಎಫ್‌ಕಾಮ್‌ಐ ಬಂದದ್ದು 1995ರ ಪೆಂಟಿಯಂ ಪ್ರೋದಲ್ಲಿ, ಅದೂ ಅದೇ ಫ್ಲ್ಯಾಗ್‌ಗಳನ್ನೇ ಉಳಿಸಿಕೊಂಡಿತು.

#32 ಸಾಫ್ಟ್‌ಫ್ಲೋಟ್‌ಸಿದ್ದ
ಒಂದೊಂದು ಊರಲ್ಲಿ ಒಂದೊಂದು ಪದ್ಧತಿ. ಸ್ಪಾರ್ಕ್‌ನಲ್ಲಿ 2 ಬಿಟ್: 0 ಸಮ, 1 ಚಿಕ್ಕದು, 2 ದೊಡ್ಡದು, 3 ಅನ್‌ಆರ್ಡರ್ಡ್. ಪವರ್‌ಪಿಸಿಯಲ್ಲಿ ಕಂಡಿಶನ್ ರಿಜಿಸ್ಟರ್ (ಸಿಆರ್) ಫೀಲ್ಡ್‌ನ ನಾಲ್ಕೂ ಸಂಬಂಧಕ್ಕೆ ಒಂದೊಂದು ಬಿಟ್, ಅದನ್ನೇ ಎಫ್‌ಪಿಎಸ್‌ಸಿಆರ್‌ನಲ್ಲೂ (ಅಲ್ಲಿನ ಫ್ಲೋಟ್ ಸ್ಟೇಟಸ್ ರಿಜಿಸ್ಟರ್) ಬರೆಯಬೇಕು, ಅದನ್ನು ಮರೆಯುವವರೇ ಹೆಚ್ಚು. ಡೆಕ್ ಆಲ್ಫಾದಲ್ಲಿ ಫ್ಲ್ಯಾಗೇ ಇಲ್ಲ, ನಿಜವಾದರೆ ಫ್ಲೋಟ್ ರಿಜಿಸ್ಟರ್‌ಗೆ 2.0 ಬರೆಯುತ್ತದೆ. ಮಿಪ್ಸ್ ರಿಲೀಸ್ 6ರಲ್ಲಿ ಸಿ.ಕಂಡ್ ತೆಗೆದು ಸಿಎಂಪಿ.ಕಂಡ್ ತಂದರು, ನಿಜವಾದರೆ ರಿಜಿಸ್ಟರ್ ತುಂಬ 1.

#33 ರಿಜಿಸ್ಟರ್‌ರಾಣಿ
ಸಾಫ್ಟ್ ಫ್ಲೋಟ್ ಲೈಬ್ರರಿಗಳಲ್ಲೂ ಇದೇ ತಲೆಬಿಸಿ. ಜಿಸಿಸಿ ಕಂಪೈಲರ್‌ನ ಲಿಬ್‌ಜಿಸಿಸಿಯಲ್ಲಿ ಡಬಲ್‌ಗೆ ಎಲ್ಇಡಿಎಫ್2, ಜಿಇಡಿಎಫ್2 ಅಂತ ಎರಡು ಫಂಕ್ಷನ್ ಇರುವುದು ನ್ಯಾನ್‌ನಿಂದಾಗಿಯೇ. ಮೊದಲನೆಯದು ನ್ಯಾನ್‌ಗೆ 2 ಕೊಡುತ್ತದೆ, ಎರಡನೆಯದು -2. ಹಾಗಾಗಿ "ಉತ್ತರ <= 0" ಮತ್ತು "ಉತ್ತರ >= 0" ಎರಡೂ ಸುಳ್ಳಾಗುತ್ತವೆ. ಒಂದೇ ಫಂಕ್ಷನ್‌ನಲ್ಲಿ -1, 0, 1 ಕೊಡಲು ಹೋದರೆ ನಾಲ್ಕನೆಯ ಸಂಬಂಧಕ್ಕೆ ಜಾಗವೇ ಇರುವುದಿಲ್ಲ. ಮಿಪ್ಸ್‌ಮರಿ, ನಿಮ್ಮ ಒಳಗಿನ ಫಂಕ್ಷನ್ ಕೂಡ -1, 0, 1 ಕೊಡುವ ಹಾಗಿದ್ದರೆ ಬದಲಿಸಿ.

#34 ಆರ್ಮ್‌ಚೇರ್
ಕೊನೆಗೂ ಕೇಳ್ತೀನಿ, ಕರ್ನಲ್‌ನಲ್ಲಿ ಇದೆಲ್ಲ ಯಾಕೆ? ಟ್ರ್ಯಾಪ್‌ಗೆ ಹೋಗಿ ಬರೋದಕ್ಕೇ ನೂರಾರು ಸೈಕಲ್, ಹೋಲಿಕೆಗೆ ಇಪ್ಪತ್ತು. ಓಪನ್‌ಡಬ್ಲ್ಯುಆರ್‌ಟಿಯವರು (ರೂಟರ್‌ಗಳ ಲಿನಕ್ಸ್) ಇಂಥ ಚಿಪ್‌ಗೆ ಯೂಸರ್‌ಲ್ಯಾಂಡ್ ಪೂರ್ತಿ ಸಾಫ್ಟ್ ಫ್ಲೋಟ್‌ನಲ್ಲಿ ಕಂಪೈಲ್ ಮಾಡ್ತಾರೆ.

#35 ಕುಡ್ಲಬಿಟ್
ಸೋರ್ಸ್ ಇಲ್ಲ ಅಂತ ಮೊದಲ ಪೋಸ್ಟಿನಲ್ಲೇ ಉಂಟು, ಓದಿ ಮಾರಾಯ್ರೆ. ಮತ್ತೆ ಎಫ್‌ಪಿಯು ಇದ್ದ ಮಿಪ್ಸ್‌ಗೂ ಎಮ್ಯುಲೇಟರ್ ಬೇಕು. ಸಬ್‌ನಾರ್ಮಲ್ ಬಂದಾಗ ಹಲವು ಚಿಪ್‌ಗಳು "ಅನ್‌ಇಂಪ್ಲಿಮೆಂಟೆಡ್" (ಕಾಸ್‌ನ 17ನೇ ಬಿಟ್) ಅಂತ ಕೈ ಎತ್ತಿ ಕರ್ನಲ್‌ಗೆ ದಾಟಿಸ್ತವೆ.

#36 ಬಿಟ್‌ಬಸವ
ಹೋಲಿಕೆ ಆತು, ಆಮ್ಯಾಲಿನ ಬ್ರ್ಯಾಂಚ್ ಮರೀಬ್ಯಾಡ್ರಿ. ಬಿಸಿ1ಟಿನೂ ಟ್ರ್ಯಾಪ್ ಆಗ್ತದ, ಅದರ ಬೆನ್ನಿಗೆ ಡಿಲೇ ಸ್ಲಾಟ್ (ಹಾರೂಕಿಂತ ಮೊದಲ ಓಡೂ ಮುಂದಿನ ಇನ್‌ಸ್ಟ್ರಕ್ಷನ್) ಇರ್ತದ. ಬ್ರ್ಯಾಂಚ್ ನೀವು ಎಮ್ಯುಲೇಟ್ ಮಾಡಿದ್ರ ಆ ಸ್ಲಾಟಿನ ಇನ್‌ಸ್ಟ್ರಕ್ಷನ್ ಯಾರು ಓಡಸಬೇಕು? ಅದು ಲೋಡೋ ಸ್ಟೋರೋ ಯಾವುದೋ ಇರಬಹುದು, ಯೂಸರ್ ಮೋಡ್‌ದಾಗ ಓಡಬೇಕು. ಲಿನಕ್ಸ್ ಮೊದಲ ಅದನ್ನ ಯೂಸರ್ ಸ್ಟ್ಯಾಕ್ ಮ್ಯಾಲೆ ನಕಲು ಮಾಡಿ, ಅದರ ಮುಂದ ಒಂದು ಬ್ರೇಕ್ ಇಟ್ಟು ಓಡಸ್ತಿತ್ತು. ಅದಕ್ಕ ಸ್ಟ್ಯಾಕ್ ಎಕ್ಸಿಕ್ಯೂಟಬಲ್ ಇರಬೇಕಾಗ್ತಿತ್ತು, ಭದ್ರತೆಗೆ ತೂತು. ಲಿನಕ್ಸ್ 4.8ರಾಗ ಪ್ರತಿ ಅಡ್ರೆಸ್ ಸ್ಪೇಸ್‌ಗೆ ಬ್ಯಾರೆ ಪೇಜ್ ಮಾಡಿದ್ರು.

ಬಿಸಿ1ಟಿಎಲ್, ಅಂದ್ರ ಲೈಕ್ಲಿ ಜಾತಿ, ಬ್ರ್ಯಾಂಚ್ ತಗೊಳ್ಳದಿದ್ರ ಸ್ಲಾಟ್ ಓಡಸಬಾರದು, ಪಿಸಿಗೆ 8 ಕೂಡಿಸಿ ಮುಂದ ಹೋಗ್ರಿ. ಸಿ.ಕಂಡ್ ತಾನ ಬ್ಯಾರೆ ಬ್ರ್ಯಾಂಚಿನ ಸ್ಲಾಟಿನಾಗ ಕುಂತಿದ್ರ ಸಿಪಿಯುದ ಕಾಸ್ ರಿಜಿಸ್ಟರ್‌ನ (ಎಫ್‌ಸಿಎಸ್‌ಆರ್‌ದ ಕಾಸ್ ಅಲ್ಲ) 31ನೇ ಬಿಟ್ 1 ಇರ್ತದ, ಇಪಿಸಿ (ಟ್ರ್ಯಾಪ್ ಆದ ಜಾಗದ ಅಡ್ರೆಸ್) ಬ್ರ್ಯಾಂಚ್ ಕಡೆ ತೋರಸ್ತದ. ಆವಾಗ ಇಪಿಸಿಗೆ ಸುಮ್ನ 4 ಕೂಡಿಸಿದ್ರ ಅದ ಸಿ.ಕಂಡ್ ಮತ್ತ ಓಡ್ತದ, ಬ್ರ್ಯಾಂಚ್ ಹಾರಿಹೋಗ್ತದ.

#37 ಮಿಪ್ಸ್‌ಮರಿ
ಟೇಬಲ್ ಹಾಕಿದೆ, ಸಣ್ಣ ಸಂಖ್ಯೆಗಳು ಈಗ ಸೊನ್ನೆ ಆಗುತ್ತಿಲ್ಲ. ಸ್ಲಾಟ್ ಕೆಲಸ ಬಾಕಿ ಇದೆ. ಟೆಸ್ಟ್ ಎಷ್ಟು ಸಾಕು?

#38 ಸಾಫ್ಟ್‌ಫ್ಲೋಟ್‌ಸಿದ್ದ
8 ಬೆಲೆ ತೆಗೆದುಕೊಳ್ಳಿ: ಸೊನ್ನೆ, ಅತಿ ಚಿಕ್ಕ ಸಬ್‌ನಾರ್ಮಲ್, ಅತಿ ಚಿಕ್ಕ ನಾರ್ಮಲ್, 1, ಅತಿ ದೊಡ್ಡದು, ಇನ್ಫಿನಿಟಿ, ಕ್ವಯಟ್ ನ್ಯಾನ್, ಸಿಗ್ನಲಿಂಗ್ ನ್ಯಾನ್. ಎರಡೂ ಸೈನ್ ಸೇರಿ 16. 16 × 16 ಜೋಡಿ, 16 ಕಂಡಿಶನ್: 4096. ಎಫ್‌ಎಸ್ ಆನ್/ಆಫ್, ಇನ್‌ವ್ಯಾಲಿಡ್ ಎನೇಬಲ್ ಆನ್/ಆಫ್ ಸೇರಿದರೆ 16384. ಒಂದು ನ್ಯಾನ್‌ನ ಪೇಲೋಡ್ ಕೆಳಗಿನ ವರ್ಡ್‌ನಲ್ಲಿ ಮಾತ್ರ ಇರಲಿ. ಸರಿಯುತ್ತರದ ಪಟ್ಟಿ ಇಲ್ಲದಿದ್ದರೂ ಕೆಲವನ್ನು ಹಾಗೇ ಪರೀಕ್ಷಿಸಬಹುದು: ಎನೇಬಲ್ ಆಫ್ ಇರುವಾಗ ಕಂಡಿಶನ್ ಸಂಖ್ಯೆಗೆ 8 ಕೂಡಿಸಿದರೆ ಫಲಿತಾಂಶ ಬದಲಾಗಬಾರದು, ಫ್ಲ್ಯಾಗ್ ಮಾತ್ರ ಬದಲಾಗಬಹುದು. ಪ್ರತಿ ಜೋಡಿಗೂ ನಾಲ್ಕು ಸಂಬಂಧಗಳಲ್ಲಿ ಒಂದೇ ಒಂದು ನಿಜ.

#39 ಬಿಟ್‌ಬಸವ
ಸಿಸಿ 0ರಿಂದ 7ರ ತನಕ ತಿರುಗಿಸೂದೂ ಸೇರಿಸ್ರಿ. ಬರದ ಮ್ಯಾಲೆ ಎಫ್‌ಸಿಎಸ್‌ಆರ್‌ದ ಉಳಿದ ಬಿಟ್ ಬದಲಾಗ್ಯಾವೇನು ನೋಡ್ರಿ.

#40 ಮಿಪ್ಸ್‌ಮರಿ
ಪೇರ್ಡ್ ಸಿಂಗಲ್ (ಒಂದೇ ರಿಜಿಸ್ಟರ್‌ನಲ್ಲಿ ಎರಡು ಸಿಂಗಲ್) ಹೋಲಿಕೆ, ಸಿ.ಕಂಡ್.ಪಿಎಸ್, ಅದನ್ನೂ ಮಾಡಬೇಕಾ?

#41 ರಿಜಿಸ್ಟರ್‌ರಾಣಿ
ಅದು ಒಂದೇ ಸಲ ಎರಡು ಸಿಸಿ ಬರೆಯುತ್ತದೆ, ಕೆಳಗಿನ ಅರ್ಧದ್ದು ಸಿಸಿಗೆ, ಮೇಲಿನದ್ದು ಸಿಸಿ+1ಕ್ಕೆ, ಸಿಸಿ ಸಮ ಸಂಖ್ಯೆಯೇ ಇರಬೇಕು. ನಿಮ್ಮ ಬೈನರಿಗಳಲ್ಲಿ ಅದು ಇಲ್ಲ ಅಂತ ಡಿಸ್‌ಅಸೆಂಬಲ್ ಮಾಡಿ ಖಾತ್ರಿ ಮಾಡಿಕೊಳ್ಳಿ. ಇಲ್ಲ ಅಂತಾದರೆ ಎಫ್‌ಐಆರ್ (ಎಫ್‌ಪಿಯು ಏನೇನು ಮಾಡಬಲ್ಲದು ಎಂದು ಹೇಳುವ ರಿಜಿಸ್ಟರ್) ಓದಿದವರಿಗೆ 18ನೇ ಬಿಟ್ 0 ಕೊಡಿ, ಫಾರ್ಮ್ಯಾಟ್ 22 (ಪೇರ್ಡ್ ಸಿಂಗಲ್) ಬಂದರೆ ಎಸ್‌ಐಜಿಐಎಲ್‌ಎಲ್ (ತಪ್ಪು ಇನ್‌ಸ್ಟ್ರಕ್ಷನ್ ಅನ್ನುವ ಸಿಗ್ನಲ್) ಕಳಿಸಿ.